ಅತ್ತೂರಿನ ಬಲಿಪೂಜೆಯಲ್ಲಿ ನಾವು ಅತಿಥಿಗಳೋ, ಮನೆಯವರೋ?

ಧಾರವಾಡದ ಓದುಗಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ದಸರಾ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಕರಾವಳಿಗೆ ಹೋಗಿಬಂದೆವು. ಅಲ್ಲಿ ಹುಟ್ಟಿದ ಪ್ರಶ್ನೆಯೊಂದು ಊರಿಗೆ ಮರಳಿದ ಮೇಲೂ ನಮ್ಮ ಮನೆಯಲ್ಲಿ ಇತ್ಯರ್ಥವಾಗಿಲ್ಲ. ನನಗಿಂತ ಹೆಚ್ಚು ಬಲ್ಲವರು ಇಲ್ಲಿರುವುದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾವು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವರು. ನಮ್ಮ ಯಜಮಾನರ ಹಿರಿಯರು ಯುರೋಪಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಕಾಲದಲ್ಲಿ ಕರಾವಳಿಯಲ್ಲಿ ಕ್ರೈಸ್ತರಾಗಿ, ಮುಂದೆ ಕೆಲಸದ ನಿಮಿತ್ತ ಘಟ್ಟ ಹತ್ತಿ ಧಾರವಾಡಕ್ಕೆ ಬಂದು ನೆಲೆಸಿದವರು. ವಯಸ್ಸಾದ ನಮ್ಮ ಅತ್ತೆಗೆ ಅವರು ಹುಟ್ಟಿ ಬೆಳೆದ ಕಡೆಯನ್ನು ಮತ್ತೊಮ್ಮೆ ತೋರಿಸಬೇಕು, ಮಕ್ಕಳಿಗೆ ಮಂಗಳೂರಿನ ಬಲ್ಮಠದ ಹಳೆಯ ಮಿಷನ್ ಆವರಣವನ್ನು ಕಾಣಿಸಬೇಕು ಎಂದು ಯಲ್ಲಾಪುರ, ಅಂಕೋಲದ ಮಾರ್ಗವಾಗಿ ಇಳಿದು, ಉಡುಪಿ, ಕಾರ್ಕಳ, ಮಂಗಳೂರುಗಳನ್ನು ನೋಡುವ ಯೋಜನೆ ಹಾಕಿಕೊಂಡಿದ್ದೆವು. ಭಾನುವಾರ ಕಾರ್ಕಳದಲ್ಲಿದ್ದೆವು. ಅಂದಿನ ಆರಾಧನೆಗೆ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಕ್ಕೇ (ವಿಶೇಷ ಗೌರವ ಪಡೆದ ಕಥೋಲಿಕ ದೇವಾಲಯ) ಹೋಗೋಣವೆಂದು ಅತ್ತೆ ಕೇಳಿಕೊಂಡರು. ಬಾಲ್ಯದಲ್ಲಿ ನೆರೆಮನೆಯ ಕಥೋಲಿಕ ಗೆಳತಿಯೊಂದಿಗೆ ಜಾತ್ರೆಗೆ ಹೋಗುತ್ತಿದ್ದ ನೆನಪು ಅವರಿಗಿತ್ತು. ಹಿರಿಯರ ಆಸೆಯನ್ನು ತೆಗೆದುಹಾಕಲು ನಮಗೆ ಮನಸ್ಸಾಗಲಿಲ್ಲ.

ಕಥೋಲಿಕರ ಆರಾಧನೆಯಾದ ಬಲಿಪೂಜೆ ಕೊಂಕಣಿಯಲ್ಲಿತ್ತು. ಭಾಷೆ ಬಾರದಿದ್ದರೂ ಕ್ರಮ ನಮ್ಮದೇ ಎನ್ನುವಷ್ಟು ಪರಿಚಿತವಾಗಿತ್ತು. ಪಾಪದ ಅರಿಕೆ, ವಾಕ್ಯ ವಾಚನ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಎಲ್ಲವೂ ಬಂದಾಗ ನಾವು ನಮ್ಮ ಕನ್ನಡದಲ್ಲಿ ಮೆಲ್ಲಗೆ ಹೇಳಿಕೊಂಡೆವು. ಶಾಂತಿಯನ್ನು ಹಂಚಿಕೊಳ್ಳುವಾಗ ಸುತ್ತಲಿದ್ದವರೆಲ್ಲ ನಮ್ಮ ಕಡೆ ತಿರುಗಿ ಕೈಮುಗಿದರು, ನಾವೂ ಮುಗಿದೆವು. ಅದಾದ ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದು ಪರಮ ಪ್ರಸಾದಕ್ಕೆ, ಅಂದರೆ ಕ್ರಿಸ್ತನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿಗೆ, ಸಾಲುಗಟ್ಟಿದರು. ಬೇರೆ ಸಭೆಯವರು ಅದನ್ನು ಸ್ವೀಕರಿಸುವಂತಿಲ್ಲ ಎಂದು ತಿಳಿದಿದ್ದ ನಾವು ಬೆಂಚಿನಲ್ಲೇ ಉಳಿದೆವು. ಇನ್ನೂ ದೃಢೀಕರಣವಾಗದ (ಕರ್ತನ ಭೋಜನಕ್ಕೆ, ಅಂದರೆ ನಮ್ಮಲ್ಲಿನ ಪರಮ ಪ್ರಸಾದಕ್ಕೆ, ಸೇರಿಸಿಕೊಳ್ಳುವ ವಿಧಿ ಅದು) ನಮ್ಮ ಮಗಳು ಊರಿನ ಸಭೆಯಲ್ಲಿ ಪ್ರತಿ ಸಲವೂ ಹಾಗೆ ಕೂತಿರುತ್ತಾಳೆ. ಆ ದಿನ ನಾವೆಲ್ಲರೂ ಅವಳ ಜೊತೆಗೆ ಕೂತೆವು. ನನಗೆ ಆದ ಸಂಕಟ ಅವಮಾನದ್ದಲ್ಲ. ಹಸಿವಿನಂಥದ್ದು.

ಪೂಜೆ ಮುಗಿದ ಮೇಲೆ ಅತ್ತೆ ಒಂದು ಮೇಣದ ಬತ್ತಿ ಕೊಂಡು ಹಚ್ಚಿದರು. ಇಂಜಿನಿಯರಿಂಗ್ ಓದುತ್ತಿರುವ ಮಗ ಸಭೆಯ ಯುವಜನರ ಬೈಬಲ್ ಅಧ್ಯಯನದಲ್ಲಿ ಚುರುಕಾಗಿರುವವನು. ಅಜ್ಜಿಯ ಎದುರು ಏನೂ ಹೇಳದೆ, ಕಾರಿನ ಬಳಿ ಬಂದಾಗ ನನ್ನೊಬ್ಬಳಿಗೇ ಹೇಳಿದ: ಸಂತರ ಮುಂದೆ ಬತ್ತಿ ಹಚ್ಚುವುದು ನಮ್ಮ ವಿಶ್ವಾಸವಲ್ಲ, ಅವರ ಪಂಕ್ತಿಗೆ ನಾವು ಸೇರುವಂತೆಯೂ ಇಲ್ಲ, ಹಾಗಾದರೆ ನಾವು ಅಲ್ಲಿ ಅತಿಥಿಗಳೋ ಮನೆಯವರೋ? ನನಗೆ ಉತ್ತರ ಹೊಳೆಯಲಿಲ್ಲ. ಅತ್ತೆಯ ಬತ್ತಿ ತಪ್ಪೇ? ಪಾಲು ಸಿಗದ ಕಡೆ ಕೂತು ಆರಾಧಿಸಿದ್ದು ನಿಜವಾದ ಆರಾಧನೆಯೇ? ದಯವಿಟ್ಟು ತಿಳಿದವರು ಹೇಳಿ.

ಗದಗ-ಬೆಟಗೇರಿಯ ಯುವಕ

ಅಕ್ಕನವರೇ, ನಿಮ್ಮ ಮಗ ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ಅಜ್ಜಿಯ ಮನಸ್ಸು ನೋಯದ ಹಾಗೆ ಕೇಳಿದ ರೀತಿ ಇನ್ನೂ ಸರಿಯಾದುದು. ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತ ಯೇಸು ಒಬ್ಬನೇ ಮಧ್ಯಸ್ಥನು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಸಂತರ ಜೀವನವನ್ನು ನೆನೆದು ಅವರ ವಿಶ್ವಾಸವನ್ನು ಅನುಸರಿಸುವುದು ಒಳ್ಳೆಯದು, ಆದರೆ ಅವರನ್ನು ಕರೆದು ಸಹಾಯ ಬೇಡುವುದನ್ನು ವಾಕ್ಯವು ಕಲಿಸುವುದಿಲ್ಲ ಎಂಬುದು ಲುಥೆರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಿಂದ ಇಂದಿನವರೆಗೂ ಸುಧಾರಣಾ (ಪ್ರೊಟೆಸ್ಟಂಟ್) ಸಭೆಗಳು ಹಿಡಿದುಕೊಂಡು ಬಂದಿರುವ ನಿಲುವು.

ಇದರಲ್ಲಿ ಪುಸ್ತಕದ ವಾದಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿದೆ. ಬಾಸೆಲ್ ಮಿಷನ್ನಿನ ಮೂವರು ಸೇವಕರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಯಾರು ಸಭೆಗೆ ಸೇರಿದರೋ ಅವರು ಹರಕೆ, ಜಾತ್ರೆ, ಭೂತಾರಾಧನೆಗಳನ್ನು ಬಿಟ್ಟು ಬಂದರು. ಹಾಗೆ ಬಿಟ್ಟದ್ದರಿಂದ ಮನೆ, ಕಸುಬು, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡವರು ಅನೇಕರು. ಹರಕೆಯಿಲ್ಲದೆ, ಬತ್ತಿಯಿಲ್ಲದೆ, ಬರಿಗೈಯಲ್ಲಿ ನಿಂತರೂ ದೇವರು ಕೇಳುತ್ತಾನೆ ಎಂಬ ಒಂದೇ ಭರವಸೆಯ ಮೇಲೆ ಅವರು ಆ ನಷ್ಟವನ್ನು ಹೊತ್ತುಕೊಂಡರು. ಅವರ ಮರಿಮಕ್ಕಳಾದ ನಾವು ರಜೆಯ ಪ್ರವಾಸದಲ್ಲಿ ಅದನ್ನು ಹಗುರವಾಗಿ ಬದಿಗಿಡಬಾರದು ಎಂಬುದು ನನ್ನ ಕಳಕಳಿ. ಕಥೋಲಿಕ ಸಹೋದರರನ್ನು ನೋಯಿಸುವ ಉದ್ದೇಶ ನನಗಿಲ್ಲ. ಪ್ರವಾಸದಲ್ಲಿದ್ದರೂ ಭಾನುವಾರ ನಮ್ಮ ಸಭೆಯನ್ನು ಹುಡುಕಿಕೊಂಡು ಹೋಗಿ ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುವುದು ಉತ್ತಮ ಎನ್ನುವುದಷ್ಟೇ ನನ್ನ ಅಭಿಪ್ರಾಯ.

ಮೂಡುಬಿದಿರೆಯ ಕಥೋಲಿಕ ಅಧ್ಯಾಪಕ

ಧಾರವಾಡದ ಸಹೋದರಿಗೂ ಬೆಟಗೇರಿಯ ತಮ್ಮನಿಗೂ ನಮಸ್ಕಾರ. ನಾನು ಅತ್ತೂರಿಗೆ ಚಿಕ್ಕಂದಿನಿಂದ ಹೋಗುತ್ತಿರುವವನು. ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಕೆಲಸವನ್ನೂ ಮಾಡಿದ್ದೇನೆ. ಆದ್ದರಿಂದ ನಮ್ಮ ಕಡೆಯ ಮಾತನ್ನು ಹೇಳುವ ಹೊಣೆ ನನ್ನ ಮೇಲಿದೆ.

ಸಂತ ಲಾರೆನ್ಸರು ರೋಮಿನ ಧರ್ಮಸಭೆಯಲ್ಲಿ ಬಡವರಿಗೆ ಹಂಚುವ ನಿಧಿಯನ್ನು ನೋಡಿಕೊಳ್ಳುತ್ತಿದ್ದ ಸೇವಕರು. ವಲೇರಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, 258ರ ಆಗಸ್ಟಿನಲ್ಲಿ, ಜಗದ್ಗುರು ಎರಡನೆಯ ಸಿಕ್ಸ್ತುಸರು ಹತರಾದ ಕೆಲವೇ ದಿನಗಳಲ್ಲಿ ಇವರೂ ರಕ್ತಸಾಕ್ಷಿಗಳಾದರು. ಧರ್ಮಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದಾಗ, ಅವರು ಇದ್ದುದನ್ನೆಲ್ಲ ಹಂಚಿಬಿಟ್ಟು, ಊರಿನ ಬಡವರು, ಕುಂಟರು, ಕುರುಡರನ್ನು ಕರೆತಂದು ನಮ್ಮ ಸಂಪತ್ತು ಇವರೇ ಎಂದು ನಿಲ್ಲಿಸಿದರೆಂಬುದು ಸಂಪ್ರದಾಯ. ಅತ್ತೂರಿಗೆ ಬರುವ ಜನರನ್ನು ನೋಡುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಅಲ್ಲಿ ಕಾಯಿಲೆಯವರು ಇರುತ್ತಾರೆ, ಮಕ್ಕಳಿಲ್ಲದವರು ಇರುತ್ತಾರೆ, ಸಾಲದಲ್ಲಿ ಮುಳುಗಿದವರು ಇರುತ್ತಾರೆ. ಅವರಲ್ಲಿ ಬಹುಪಾಲು ಜನ ಕ್ರೈಸ್ತರೇ ಅಲ್ಲ.

ಬೆಟಗೇರಿಯ ತಮ್ಮ ಹೇಳಿದ ವಾಕ್ಯವನ್ನು ನಾವೂ ನಂಬುತ್ತೇವೆ. ಮಧ್ಯಸ್ಥನು ಒಬ್ಬನೇ. ಒಬ್ಬರಿಗೊಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರಿಕೆ ಹೇಳಿದಂತೆ, ನನಗಾಗಿ ಪ್ರಾರ್ಥಿಸಿ ಎಂದು ನಾನು ನಿಮ್ಮಲ್ಲಿ ಕೇಳಿಕೊಂಡರೆ ನೀವು ಕ್ರಿಸ್ತನ ಸ್ಥಾನಕ್ಕೆ ಬರುವುದಿಲ್ಲ. ಸತ್ತವರು ಕ್ರಿಸ್ತನಲ್ಲಿ ಜೀವಿಸುತ್ತಿರುವುದರಿಂದ ಅವರಲ್ಲಿಯೂ ಹಾಗೆ ಕೇಳಿಕೊಳ್ಳಬಹುದು ಎಂಬುದು ನಮ್ಮ ವಿಶ್ವಾಸ. ಆರಾಧನೆ ದೇವರೊಬ್ಬನಿಗೇ, ಸಂತರಿಗೆ ಮತ್ತು ಅವರ ಪ್ರತಿಮೆಗಳಿಗೆ ಗೌರವ ಮಾತ್ರ ಎಂಬ ಭೇದವನ್ನು 787ರಲ್ಲಿ ನಿಕೇಯದಲ್ಲಿ ಸೇರಿದ ಎರಡನೆಯ ಮಹಾಸಭೆಯೇ ಗೆರೆ ಕೊರೆದು ತೋರಿಸಿದೆ. ಜನರ ಭಕ್ತಿ ಎಲ್ಲ ಕಾಲದಲ್ಲಿಯೂ ಈ ಗೆರೆಯೊಳಗೇ ಇರುತ್ತದೆ ಎಂದು ನಾನು ವಾದಿಸಲಾರೆ. ಇಷ್ಟು ಕೊಟ್ಟರೆ ಅಷ್ಟು ಕೊಡು ಎಂಬ ವ್ಯಾಪಾರದ ಹರಕೆ ನಮ್ಮಲ್ಲಿಯೂ ಇದೆ. ಅದನ್ನು ತಿದ್ದುವುದು ನಮ್ಮ ಗುರುಗಳಿಗೂ ನನ್ನಂಥ ಉಪದೇಶಿಗಳಿಗೂ ಮುಗಿಯದ ಕೆಲಸ.

ಪರಮ ಪ್ರಸಾದದ ವಿಷಯ ಹೆಚ್ಚು ನೋವಿನದು. ಅದನ್ನು ಕೈಯಲ್ಲಿ ತೆಗೆದುಕೊಂಡು ಆಮೆನ್ ಎನ್ನುವವನು ಕ್ರಿಸ್ತನ ಶರೀರಕ್ಕೆ ಮಾತ್ರವಲ್ಲ, ಆ ಶರೀರವನ್ನು ಕೊಡುತ್ತಿರುವ ಧರ್ಮಸಭೆಯ ವಿಶ್ವಾಸಕ್ಕೆ, ಅದರ ಧರ್ಮಾಧ್ಯಕ್ಷರೊಂದಿಗಿನ ಐಕ್ಯಕ್ಕೆ ಒಟ್ಟಾಗಿ ಆಮೆನ್ ಎನ್ನುತ್ತಾನೆ ಎಂಬುದು ನಮ್ಮ ತಿಳಿವಳಿಕೆ. ಮರಣಾಪಾಯದಂಥ ಗಂಭೀರ ಸಂದರ್ಭಗಳನ್ನು ಬಿಟ್ಟರೆ ಸುಧಾರಣಾ ಸಭೆಗಳ ಕ್ರೈಸ್ತರಿಗೆ ಅದನ್ನು ಕೊಡುವ ಕ್ರಮವಿಲ್ಲ. ನಿಮ್ಮ ದೀಕ್ಷಾಸ್ನಾನವನ್ನು ನಾವು ಅಲ್ಲಗಳೆಯುವುದಿಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಆದದ್ದನ್ನು ಮತ್ತೆ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ಅಂದಮೇಲೆ ನಿಮ್ಮ ಮಗನಿಗೆ ನನ್ನ ಉತ್ತರ ಇದು: ಅವನು ಅಲ್ಲಿ ಅತಿಥಿಯಲ್ಲ. ಮನೆಯವನೇ. ಅಣ್ಣತಮ್ಮಂದಿರು ಪಾಲಾದ ಮೇಲೆ ಇನ್ನೂ ಒಲೆ ಒಂದಾಗದ ಮನೆಯವನು.

ಕಾರ್ಕಳದ ನಿವಾಸಿ

ನಾನು ಕ್ರೈಸ್ತನಲ್ಲ, ಆದರೂ ಈ ಚರ್ಚೆ ನನ್ನ ಊರಿನದಾದ್ದರಿಂದ ಎರಡು ಮಾತು ಹೇಳಲು ಅವಕಾಶ ಕೊಡಿ.

ನಮ್ಮ ಮನೆಯಿಂದ ವರ್ಷಂಪ್ರತಿ ಅತ್ತೂರು ಜಾತ್ರೆಗೆ ಹೋಗುತ್ತೇವೆ. ನನ್ನ ಅಮ್ಮ ನಾನು ಕೂಸಾಗಿದ್ದಾಗ ನನ್ನ ಆರೋಗ್ಯಕ್ಕಾಗಿ ಅಲ್ಲಿ ಹರಕೆ ಹೇಳಿಕೊಂಡಿದ್ದರು. ಇಂದಿಗೂ ನಾನು ಬತ್ತಿ ಹಚ್ಚುತ್ತೇನೆ, ಅಲ್ಲಿನ ಪುಷ್ಕರಿಣಿಯ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ. ಇದು ನಮ್ಮ ಊರಿನಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. 1432ರಲ್ಲಿ ನಿಂತ ಗೊಮ್ಮಟ, 1586ರ ಚತುರ್ಮುಖ ಬಸದಿ, ಅನಂತಶಯನ, ಅತ್ತೂರು ಎಲ್ಲವೂ ಒಂದೇ ಪೇಟೆಯ ಆಸುಪಾಸಿನಲ್ಲಿ ಇರುವಾಗ, ದೇವರ ಸನ್ನಿಧಾನ ಎಂದಮೇಲೆ ಕೈಮುಗಿಯುವುದನ್ನು ನಾವು ಮನೆಯಲ್ಲೇ ಕಲಿತುಬಿಡುತ್ತೇವೆ. ಆ ಕ್ಷೇತ್ರ 1759ರಷ್ಟು ಹಳೆಯದೆಂದೂ, ಟಿಪ್ಪುವಿನ ಕಾಲದಲ್ಲಿ 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದು ಹಾಳಾಯಿತೆಂದೂ, ಮರಳಿ ಬಂದವರು ಹೊತ್ತು ತಂದ ಚಿಕ್ಕ ಮರದ ಪ್ರತಿಮೆ ಈಗಿನ ಜಾಗದಲ್ಲಿ ನೆಲಕ್ಕಿಟ್ಟ ಮೇಲೆ ಮೇಲೇಳಲಿಲ್ಲವೆಂದೂ ನಾನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. 2016ರಲ್ಲಿ ಬಸಿಲಿಕದ ಗೌರವ ಬಂದಾಗ ಇಡೀ ಪೇಟೆ ಸಂತೋಷಪಟ್ಟಿತು.

ನನ್ನದೊಂದು ಸಂಶಯ. ನಾವು ಬತ್ತಿ ಹಚ್ಚುವಾಗ ನೀನು ಏನನ್ನು ನಂಬುತ್ತಿ ಎಂದು ಯಾರೂ ಕೇಳುವುದಿಲ್ಲ, ನಮ್ಮ ಮನಸ್ಸಿಗೂ ಅಳುಕಿಲ್ಲ. ಒಂದೇ ಕ್ರಿಸ್ತನನ್ನು, ಒಂದೇ ಬೈಬಲನ್ನು ನಂಬುವ ಈ ಕುಟುಂಬಕ್ಕೆ ಅದೇ ಬಾಗಿಲಲ್ಲಿ ನಮಗಿಂತ ಹೆಚ್ಚು ಕಷ್ಟವಾಗುವುದು ಏಕೆ?

ಉಡುಪಿಯ ನಿವೃತ್ತ ಸಭಾಪಾಲಕ

ಕಾರ್ಕಳದ ಸಹೋದರರು ಕೇಳಿದ ಪ್ರಶ್ನೆ ಈ ಚರ್ಚೆಯಲ್ಲೇ ಅತ್ಯಂತ ತೂಕದ್ದು. ಅದರಿಂದಲೇ ಆರಂಭಿಸುತ್ತೇನೆ. ಹೆಚ್ಚು ಹತ್ತಿರವಿರುವುದರಿಂದಲೇ ಕಷ್ಟವಾಗುತ್ತದೆ. ನಿಮಗೆ ಅತ್ತೂರು ಒಂದು ಪುಣ್ಯಸ್ಥಳ. ಅಲ್ಲಿ ನಡೆಯುವ ಪ್ರತಿಯೊಂದು ಮಾತಿಗೂ ನೀವು ಉತ್ತರದಾಯಿಗಳಲ್ಲ. ನಮಗೆ ಹಾಗಲ್ಲ. ಅಲ್ಲಿ ಮುರಿಯುವ ರೊಟ್ಟಿ ಯಾವ ರಾತ್ರಿಯಲ್ಲಿ ಮುರಿಯಲ್ಪಟ್ಟಿತೋ ಅದೇ ರಾತ್ರಿ ನಮ್ಮನ್ನೂ ಹುಟ್ಟಿಸಿತು. ಇವರೆಲ್ಲರೂ ಒಂದಾಗಿರಲಿ ಎಂದು ಕರ್ತನು ಯೋಹಾನನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಬೇಡಿಕೊಂಡದ್ದು ನಮ್ಮ ವಿಷಯವಾಗಿಯೇ. ಆ ಬೇಡಿಕೆ ನಮ್ಮಿಂದಾಗಿ ಇನ್ನೂ ಈಡೇರದೆ ಉಳಿದಿರುವಾಗ, ಆ ಬಾಗಿಲಲ್ಲಿ ನಮಗೆ ಅಳುಕಾಗದಿದ್ದರೆ ಮಾತ್ರ ಚಿಂತಿಸಬೇಕು.

ಧಾರವಾಡದ ಸಹೋದರಿಯವರೇ, ನೀವು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಣದ ಬತ್ತಿಯಲ್ಲ, ಕೈಮುಗಿದು ಶಾಂತಿಯನ್ನು ಹಂಚಿಕೊಂಡ ಆ ಗಳಿಗೆ. ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. ಬಿಷಪರಿರುವ ಆಂಗ್ಲಿಕನ್ ಸಭೆಯೂ ಬಿಷಪರಿಲ್ಲದ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳೂ ತಮ್ಮ ಪ್ರತ್ಯೇಕ ಹೆಸರುಗಳನ್ನು ಬಿಟ್ಟು ಒಂದಾದದ್ದು ಜಗತ್ತಿಗೇ ಹೊಸದಾಗಿತ್ತು. ಆ ಹೊಸ ಸಭೆ ತನ್ನ ಕರ್ತನ ಭೋಜನದ ಕ್ರಮವನ್ನು 1950ರಲ್ಲಿ ರೂಪಿಸುವಾಗ, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಬಂದಿದ್ದ ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ತೆಗೆದುಕೊಂಡು ಸೇರಿಸಿತು. ಇತ್ತ ಕಥೋಲಿಕ ಧರ್ಮಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಭಾರತದ ಪೂಜಾವಿಧಿಗೆ ಹನ್ನೆರಡು ಅಂಶಗಳ ಅನುಮತಿ ಕೊಟ್ಟಾಗ, ಕೈಮುಗಿದು ಶಾಂತಿ ಹೇಳುವುದು ಅವುಗಳಲ್ಲಿ ಒಂದಾಗಿತ್ತು. ನೀವು ಆ ಬೆಂಚಿನಲ್ಲಿ ಮುಗಿದ ಕೈಗಳ ಹಿಂದೆ ಹೀಗೆ ಎರಡು ದಾರಿಗಳು ಬಂದು ಕೂಡಿವೆ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಕ್ರಮದಲ್ಲಿ ಶಾಂತಿಯ ಹಂಚಿಕೆ ಕಾಣಿಕೆಗಿಂತ ಮೊದಲು ಬರುತ್ತದೆ, ಅವರಲ್ಲಿ ಪರಮ ಪ್ರಸಾದಕ್ಕೆ ತೀರ ಹತ್ತಿರದಲ್ಲಿ ಬರುತ್ತದೆ. ಅದಕ್ಕೇ ನಿಮಗೆ ಅಷ್ಟು ತಟ್ಟಿತು. ಇದೀಗ ಶಾಂತಿ ಹೇಳಿದವರೇ ಎದ್ದು ಮುಂದೆ ಹೋದರು, ನೀವು ಉಳಿದಿರಿ. ಆ ಎರಡು ಗಳಿಗೆಗಳ ನಡುವಿನ ಅಂತರದಲ್ಲಿ ನೂರಾರು ವರ್ಷಗಳ ಸಭಾಚರಿತ್ರೆ ಇದೆ. ಎಲ್ಲರೂ ಅದನ್ನು ಪುಸ್ತಕದಲ್ಲಿ ಓದುತ್ತಾರೆ, ನಿಮಗೆ ಅದು ಬೆಂಚಿನ ಮೇಲೆ ಕೂತಲ್ಲಿ ತಿಳಿಯಿತು.

ನಿಮ್ಮ ಆರಾಧನೆ ನಿಜವೇ ಎಂದು ಕೇಳಿದ್ದೀರಿ. ನನ್ನ ಮನಃಪೂರ್ವಕವಾದ ಉತ್ತರ, ಹೌದು. ಪಾಪವನ್ನು ಅರಿಕೆ ಮಾಡಿದಿರಿ, ವಾಕ್ಯವನ್ನು ಕೇಳಿದಿರಿ, ವಿಶ್ವಾಸವನ್ನು ಒಪ್ಪಿಕೊಂಡಿರಿ, ನೆರೆಯವರಿಗೆ ಶಾಂತಿಯನ್ನು ಕೊಟ್ಟಿರಿ. ಪಾಲು ಸಿಗಲಿಲ್ಲವೆಂದು ಕೋಪಿಸಿಕೊಂಡು ಎದ್ದು ಹೋಗಲಿಲ್ಲ. ಯಾರಿಗೂ ತಿಳಿಯುವುದಿಲ್ಲವೆಂದು ಸಾಲಿನಲ್ಲಿ ನುಸುಳಲೂ ಇಲ್ಲ. ಆ ಹಸಿವನ್ನು ನೀವು ಹೊತ್ತುಕೊಂಡು ಕೂತಿರಿ. ಆ ಹಸಿವನ್ನು ಬೇಗ ತಣಿಸಿಕೊಳ್ಳಬೇಡಿ, ಮರೆಯಲೂ ಬೇಡಿ ಎಂದೇ ನಾನು ಹೇಳುತ್ತೇನೆ. ಲುಥೆರನ್ನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ, ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಕೃಪೆಯಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. ಮುಂದೆ ಮೆಥಡಿಸ್ಟರೂ ರಿಫಾರ್ಮ್ಡ್ ಸಭೆಗಳೂ ಅದಕ್ಕೆ ದನಿಗೂಡಿಸಿದರು. ಸುಧಾರಣೆಯ ಮೂಲ ಜಗಳವೇ ಹೀಗೆ ಬಹುಮಟ್ಟಿಗೆ ಪರಿಹಾರವಾದದ್ದು ಮೇಜಿನ ಸುತ್ತ ಕೂತ ಪಂಡಿತರಿಂದ ಮಾತ್ರವಲ್ಲ, ಹೀಗೆ ಹಸಿದು ಕೂತ ಸಾಮಾನ್ಯ ವಿಶ್ವಾಸಿಗಳ ಒತ್ತಾಸೆಯಿಂದಲೂ ಹೌದು ಎಂದು ನಾನು ನಂಬಿದ್ದೇನೆ.

ಬೆಟಗೇರಿಯ ಯುವಕನ ಮಾತನ್ನು ಯಾರೂ ಸಂಕುಚಿತವೆಂದು ತಳ್ಳಿಹಾಕಬಾರದು. ನಮ್ಮ ಹಿರಿಯರಲ್ಲಿ ಬಹಳ ಮಂದಿ ಬಿಲ್ಲವ ಮನೆತನಗಳಿಂದ ಬಂದವರು. ಸಭೆಗೆ ಸೇರಿದ ಮೇಲೆ ಕಸುಬು ತಪ್ಪಿದವರಿಗೆ ಅನ್ನದ ದಾರಿಯಾಗಲೆಂದೇ ಮಿಷನ್ನು ನೇಯ್ಗೆಯ ಮಗ್ಗಗಳನ್ನು ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಹರಕೆಯನ್ನು ಬಿಟ್ಟದ್ದಕ್ಕೆ ಅವರು ತೆತ್ತ ಬೆಲೆ ಅಷ್ಟು. ಆದ್ದರಿಂದ ಸಂತರನ್ನು ಕರೆಯುವ ವಿಷಯದಲ್ಲಿ ನಾನೂ ನಮ್ಮ ಸಭೆಯ ಕಡೆಯೇ ನಿಲ್ಲುತ್ತೇನೆ. ಆದರೆ ತಾಯಿಯವರು ಬತ್ತಿ ಹಚ್ಚುವಾಗ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದರು ಎಂದು ನಮಗಾರಿಗೂ ತಿಳಿಯದು. ಮೊಮ್ಮಗನು ಹೋಗಿ ಅಜ್ಜಿಯನ್ನೇ ಕೇಳಲಿ, ವಿಚಾರಣೆಗಾಗಿ ಅಲ್ಲ, ಕಲಿಯುವುದಕ್ಕಾಗಿ.

ಧಾರವಾಡದ ಓದುಗಿ

ಅಯ್ಯನವರಿಗೆ, ಮತ್ತು ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮಗ ಅಜ್ಜಿಯನ್ನು ಕೇಳಿದ. ಅವರ ಉತ್ತರವನ್ನು ಆದಷ್ಟು ಅವರ ಮಾತಿನಲ್ಲೇ ಹೇಳುತ್ತೇನೆ. ತಾವು ಯಾವ ಸಂತರಲ್ಲಿಯೂ ಏನನ್ನೂ ಬೇಡಲಿಲ್ಲ, ತಮ್ಮನ್ನು ಬಾಲ್ಯದಲ್ಲಿ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ ಗೆಳತಿ ಈಗಿಲ್ಲ, ಅವಳಂಥವಳನ್ನು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ, ಎಂದರು. ಅದನ್ನು ಬತ್ತಿ ಹಚ್ಚದೆಯೂ ಹೇಳಬಹುದಿತ್ತಲ್ಲ ಅಜ್ಜಿ ಎಂದು ಅವನು ಕೇಳಿದ್ದಕ್ಕೆ, ಹೇಳಬಹುದಿತ್ತಪ್ಪ, ಆದರೆ ಅವಳು ಹಚ್ಚುತ್ತಿದ್ದ ಜಾಗ ಅದು, ಅವಳ ಪರವಾಗಿ ನಾನು ಹಚ್ಚಿದೆ ಎಂದರು. ಅವನು ಸುಮ್ಮನಾದ. ಒಪ್ಪಿದನೆಂದು ನಾನು ಹೇಳುವುದಿಲ್ಲ, ಆದರೆ ಅಜ್ಜಿಯ ಬಾಲ್ಯದ ಬಗ್ಗೆ ಅವನು ಅಂದಿನಿಂದ ಬಹಳ ಕೇಳುತ್ತಿದ್ದಾನೆ.

ಅತ್ತೂರಿನ ನಂತರ ಮಂಗಳೂರಿನಲ್ಲಿ ಕಂಡ ಒಂದು ವಿಷಯವನ್ನು ಇಲ್ಲಿ ಸೇರಿಸಬೇಕು. ಬಲ್ಮಠಕ್ಕೂ ಸಂತ ಅಲೋಷಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೂ ನಾವು ಒಂದೇ ದಿನ ಹೋದೆವು. ಬಲ್ಮಠದಲ್ಲಿ ನಮ್ಮ ಸಭೆಯ ನೆನಪುಗಳೆಲ್ಲ ಅಕ್ಷರದವು: 1841ರ ಮುದ್ರಣಾಲಯ, ಮೋಗ್ಲಿಂಗ್ ಅವರು 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ, ಕಿಟ್ಟೆಲ್ ಅವರ 1894ರ ನಿಘಂಟು. ಅಲೋಷಿಯಸ್ ಪ್ರಾರ್ಥನಾಲಯದಲ್ಲಿ ಕಾಲಿಟ್ಟ ಕೂಡಲೇ ಗೋಡೆ, ಕಂಬ, ಛಾವಣಿ ಎಲ್ಲವೂ ಚಿತ್ರ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ ಅವರು 1899ರಿಂದ ಎರಡು ವರ್ಷ ದುಡಿದು ಅಷ್ಟನ್ನೂ ಬರೆದರಂತೆ. ನಮ್ಮ ಹಳೆಯ ಬಾಸೆಲ್ ದೇವಾಲಯಗಳ ಬಿಳಿ ಗೋಡೆಗಳಿಗೆ ಒಗ್ಗಿದ ಮಗಳು ತಲೆಯೆತ್ತಿ ಬಹಳ ಹೊತ್ತು ನಿಂತಳು. ಒಂದು ಸಭೆ ಸುವಾರ್ತೆಯನ್ನು ಈ ನಾಡಿನ ಕಿವಿಗೆ ಮುಟ್ಟಿಸಲು ಅಕ್ಷರಗಳನ್ನು ಎರಕ ಹೊಯ್ಯಿಸಿತು, ಇನ್ನೊಂದು ಅದೇ ಊರಿನಲ್ಲಿ, ಅದೇ ಶತಮಾನದಲ್ಲಿ, ಅದೇ ಸುವಾರ್ತೆಯನ್ನು ಕಣ್ಣಿಗೆ ಕಾಣಿಸಿತು. ಈ ಎರಡರಲ್ಲಿ ಒಂದನ್ನೇ ಆರಿಸಿಕೋ ಎಂದು ನನ್ನ ಮಕ್ಕಳಿಗೆ ಹೇಳುವ ಧೈರ್ಯ ನನಗಿಲ್ಲ. ಎರಡೂ ಒಂದೇ ಎಂದುಬಿಡುವ ಧೈರ್ಯವೂ ಇಲ್ಲ.

ಗದಗ-ಬೆಟಗೇರಿಯ ಯುವಕ

ಅಜ್ಜಿಯವರ ಮಾತನ್ನು ಓದಿ ನನಗೆ ಸಂತೋಷವಾಯಿತು. ಅದರಲ್ಲಿ ನಾನು ಆಕ್ಷೇಪಿಸುವಂಥದ್ದು ಏನೂ ಇಲ್ಲ. ದೇವರಿಗೆ ಸ್ತೋತ್ರ ಹೇಳುವುದನ್ನು ಯಾವ ಜಾಗವೂ ಕೆಡಿಸಲಾರದು. ಆದರೂ ನನ್ನ ಭಯ ಸಂಪೂರ್ಣ ಹೋಗಿಲ್ಲ. ಅಜ್ಜಿಯವರಿಗೆ ತಾವು ಏನು ಮಾಡುತ್ತಿದ್ದೇವೆಂದು ತಿಳಿದಿತ್ತು, ಏಕೆಂದರೆ ವಾಕ್ಯದಲ್ಲಿ ಬೇರೂರಿದ ಬದುಕು ಅವರ ಹಿಂದಿದೆ. ಮುಂದಿನ ತಲೆಮಾರು ಆ ಬೇರಿಲ್ಲದೆ ಬತ್ತಿಯನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ? ಮೂಡುಬಿದಿರೆಯ ಅಧ್ಯಾಪಕರೇ ವ್ಯಾಪಾರದ ಹರಕೆಯ ಮಾತೆತ್ತಿದ್ದರಿಂದ ಅವರಿಗೂ ಇದೇ ಚಿಂತೆ ಇದೆ ಎಂದು ತಿಳಿದುಕೊಂಡಿದ್ದೇನೆ. ಹಾಗಿದ್ದರೆ ನಾವಿಬ್ಬರೂ ಬೇರೆ ಬೇರೆ ಕಡೆಯಿಂದ ಒಂದೇ ಬೇಲಿಯನ್ನು ಕಾಯುತ್ತಿದ್ದೇವೆ.

ದೋಹಾದಲ್ಲಿರುವ ನರ್ಸ್

ನಾನು ಶಿರ್ವದ ಕಡೆಯವಳು, ಕಥೋಲಿಕಳು, ಕತಾರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲ ಕ್ರೈಸ್ತರ ಆರಾಧನೆಗೂ ಸರಕಾರ ಊರ ಹೊರಗೆ ಒಂದೇ ಆವರಣವನ್ನು ಕೊಟ್ಟಿದೆ. 2008ರಲ್ಲಿ ನಮ್ಮ ಇಗರ್ಜಿ (ಚರ್ಚ್) ಅಲ್ಲಿ ಪ್ರತಿಷ್ಠೆಯಾಯಿತು. ಹೊರಗಿನ ಗೋಡೆಯಲ್ಲಿ ಶಿಲುಬೆಯಿಲ್ಲ, ಗಂಟೆಯಿಲ್ಲ. ಕಥೋಲಿಕರು, ಆಂಗ್ಲಿಕನ್ನರು, ಸುರಿಯಾನಿಗಳು, ಕಾಪ್ಟಿಕರು, ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು ಎಲ್ಲರೂ ಶುಕ್ರವಾರ ಒಂದೇ ಗೇಟಿನಿಂದ, ಒಂದೇ ತಪಾಸಣೆ ದಾಟಿ ಒಳಗೆ ಹೋಗುತ್ತೇವೆ. ನನ್ನ ಕೋಣೆಯ ಜೊತೆಗಾತಿ ಮಂಗಳೂರಿನ ಸಿ.ಎಸ್.ಐ. ಸಭೆಯವಳು. ಬಸ್ಸಿನಲ್ಲಿ ಒಟ್ಟಿಗೆ ಹೋಗಿ, ಗೇಟಿನ ಒಳಗೆ ಬೇರೆಯಾಗಿ, ಮುಗಿದ ಮೇಲೆ ಮತ್ತೆ ಒಟ್ಟಿಗೆ ಮರಳುತ್ತೇವೆ. ಧಾರವಾಡದ ಅಕ್ಕ ಬರೆದ ಹಸಿವು ನನಗೆ ಚೆನ್ನಾಗಿ ಗೊತ್ತು. ಊರಿನಲ್ಲಿದ್ದಾಗ ಅದು ನನಗೆ ಗೊತ್ತೇ ಇರಲಿಲ್ಲ, ಏಕೆಂದರೆ ಊರಿನಲ್ಲಿ ನಮ್ಮವರೇ ಸಾಕಷ್ಟು ಇದ್ದರು. ಕಡಿಮೆ ಜನರಾದಾಗಲೇ ಉಳಿದವರು ನಮ್ಮವರೆಂದು ಕಾಣುತ್ತದೆ.

ಬೆಂಗಳೂರಿನ ಓದುಗ

ಇಷ್ಟು ದಿನ ಓದುತ್ತಿದ್ದೆ, ಬರೆಯುವ ಮನಸ್ಸಾಗಿರಲಿಲ್ಲ. ನಾನು ಸಿ.ಎಸ್.ಐ. ಸಭೆಯವನು, ನನ್ನ ಹೆಂಡತಿ ಕಥೋಲಿಕಳು. ನಿಮಗೆ ರಜೆಯಲ್ಲಿ ಒಂದು ಭಾನುವಾರ ಎದುರಾದದ್ದು ನಮಗೆ ಪ್ರತಿ ಭಾನುವಾರದ್ದು. ಒಂದು ವಾರ ಅವಳ ಧರ್ಮಕೇಂದ್ರಕ್ಕೆ ಇಬ್ಬರೂ ಹೋಗುತ್ತೇವೆ, ನಾನು ಬೆಂಚಿನಲ್ಲಿ ಉಳಿಯುತ್ತೇನೆ. ಮರುವಾರ ನಮ್ಮ ಸಭೆಗೆ ಹೋಗುತ್ತೇವೆ. ಅಲ್ಲಿ ನಮ್ಮ ಸಭಾಪಾಲಕರು ಅವಳನ್ನು ಕರೆಯಲು ಸಿದ್ಧರಿದ್ದರೂ ತನ್ನ ಧರ್ಮಸಭೆಯ ಕ್ರಮಕ್ಕೆ ವಿಧೇಯಳಾಗಿ ಅವಳು ಉಳಿಯುತ್ತಾಳೆ. 2016ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೋಪ್ ಫ್ರಾನ್ಸಿಸ್ ಅವರೂ ಲುಥೆರನ್ ಮುಖಂಡರೂ ಸಹಿ ಹಾಕಿದ ಹೇಳಿಕೆಯಲ್ಲಿ, ಇಡೀ ಬದುಕನ್ನು ಹಂಚಿಕೊಂಡರೂ ಕರ್ತನ ಮೇಜನ್ನು ಹಂಚಿಕೊಳ್ಳಲಾಗದವರ ನೋವನ್ನು ಪ್ರಸ್ತಾಪಿಸಿದ್ದರು. ಅದನ್ನು ಓದಿದ ದಿನ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು, ಏಕೆಂದರೆ ನಮ್ಮ ಮನೆಯ ವಿಷಯವನ್ನು ಅಷ್ಟು ದೊಡ್ಡವರು ಬಲ್ಲರೆಂದು ನಮಗೆ ಗೊತ್ತಿರಲಿಲ್ಲ.

ಹಸಿವನ್ನು ಬೇಗ ತಣಿಸಿಕೊಳ್ಳಬೇಡಿ ಎಂದು ಉಡುಪಿಯ ಅಯ್ಯನವರು ಬರೆದಿದ್ದಾರೆ. ನಾನು ಅದನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಅದನ್ನು ಪ್ರವಾಸ ಮುಗಿಸಿ ತಮ್ಮ ಸಭೆಗೆ ಮರಳುವವರು ಹೊರು‍ವುದು ಬೇರೆ, ವರ್ಷಗಟ್ಟಲೆ ಒಂದೇ ಮನೆಯಲ್ಲಿ ಹೊರುವುದು ಬೇರೆ. ಮದುವೆಯ ಸಮಯದಲ್ಲಿ ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ತನ್ನಿಂದಾದದ್ದನ್ನೆಲ್ಲ ಮಾಡುವುದಾಗಿ ಅವಳು ಮಾತು ಕೊಟ್ಟಿದ್ದಾಳೆ. ನಾನು ಅದನ್ನು ತಿಳಿದೇ ಮದುವೆಯಾದೆ. ಬರುವ ವರ್ಷ ನಮ್ಮ ಮಗಳ ಪ್ರಥಮ ಪರಮ ಪ್ರಸಾದ. ಅವಳು ಅಂದು ಅಮ್ಮನ ಜೊತೆ ಮುಂದೆ ಹೋಗುತ್ತಾಳೆ, ಅಂದಿನಿಂದ ಬೆಂಚಿನಲ್ಲಿ ನನ್ನೊಂದಿಗೆ ಕೂರುವುದಿಲ್ಲ. ಅವಳಿಗಾಗಿ ನನಗೆ ಸಂತೋಷವಿದೆ. ಅಪ್ಪ ಏಕೆ ಬರುವುದಿಲ್ಲ ಎಂದು ಅವಳು ಕೇಳಿದರೆ ಇಬ್ಬರ ಸಭೆಯನ್ನೂ ದೂರದೆ ಏನು ಹೇಳಬೇಕೆಂದು ನಾವು ಗಂಡ ಹೆಂಡತಿ ಇನ್ನೂ ಹುಡುಕುತ್ತಿದ್ದೇವೆ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಎಲ್ಲ ಸಭೆಗಳೂ ಪ್ರಾರ್ಥಿಸುವ ವಾರ ಬರುತ್ತದೆ. ಅತ್ತೂರಿನ ಜಾತ್ರೆಯೂ ಹೆಚ್ಚುಕಡಿಮೆ ಆ ಸಮಯದಲ್ಲೇ ಇರುತ್ತದೆ. ಇಲ್ಲಿ ಬರೆದವರೆಲ್ಲರೂ, ಕಾರ್ಕಳದ ಸಹೋದರರೂ ಸೇರಿದಂತೆ, ತಮಗೆ ತಿಳಿದ ರೀತಿಯಲ್ಲಿ ಆ ವಾರ ನಮ್ಮಂಥ ಮನೆಗಳನ್ನು ನೆನೆಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.